ಹೊಲಿದುಕೊಟ್ಟ ನೆರಳು

ಕಡಲು ದಾಟಿ ಬಂದವರಿಗೆ ನೆರಳಿರುವುದಿಲ್ಲ. ನೆರಳಿಲ್ಲದವರಿಗೆ ಕಾರವಾರದಲ್ಲಿ ಯಾರೂ ಬಾಡಿಗೆಗೆ ಮನೆ ಕೊಡುವುದಿಲ್ಲ. ಅದಕ್ಕೇ ಫ್ಲೋರಿನ್‌ಳ ಸಂಸ್ಥೆ, ಕಡಲಲ್ಲಿ ಸತ್ತವರ ನೆರಳುಗಳು ದಡಕ್ಕೆ ಬಂದು ಬಿದ್ದಾಗ ಆರಿಸಿ ತಂದು, ಒಣಗಿಸಿ, ಬಂದವರ ಕಾಲಿಗೆ ಹೊಲಿದುಕೊಡುತ್ತದೆ. ಹೊಲಿಗೆ ಹಾಕಲು ಸಂಸ್ಥೆಯ ಮುಖ್ಯಸ್ಥರೇ ಮಂಡಿಯೂರಬೇಕೆಂಬ ಪದ್ಧತಿ ತಂದವಳೂ ಅವಳೇ.

ಇವತ್ತು ಅಂಗಳದ ಬಿಸಿಲಲ್ಲಿ ನಿಂತಿದ್ದವನು ಮುಳುಗಿಹೋದ ದ್ವೀಪವೊಂದರ ಮೇಷ್ಟ್ರು, ಜಲೀಲ್.

"ಮೊದಮೊದಲು ನೆರಳು ಹಳೇ ಯಜಮಾನನ ಹಾಗೇ ಆಡ್ತದೆ, ಹೆದರ್ಬೇಡಿ," ಎಂದು ಎಂದಿನಂತೆ ಹೇಳಿ ಫ್ಲೋರಿನ್ ದಾರ ಕಡಿದಳು.

ಜಲೀಲ್ ಕೈಕಟ್ಟಿಕೊಂಡೇ ನಿಂತಿದ್ದ. ಅವನ ಹೊಸ ನೆರಳು ಮಾತ್ರ ಕೈಚಾಚಿ, ನೆಲದ ಮೇಲಿದ್ದ ಅವಳ ಜಡೆಯ ನೆರಳನ್ನು ಹಿಡಿದು ಎರಡು ಸಲ ಎಳೆಯಿತು.

ಸೂಜಿ ಕೈಜಾರಿತು. ಹಾಗೆ ಜಡೆ ಎಳೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ, ಅವಳ ತಮ್ಮ ಸಾಂತಾನ್. ಇಂಥವರನ್ನೇ ಕರೆತರಲೆಂದು ಹೋದ ವಾರ ಅವನನ್ನು ದೋಣಿ ಹತ್ತಿಸಿದ್ದವಳು ಅವಳು. ಹತ್ತುವಾಗಲೂ ಹೀಗೇ ಎಳೆದು ನಕ್ಕಿದ್ದ.

"ಅಕ್ಕಾ, ಏನಾಯ್ತು?" ಗಾಬರಿಯಾದ ಜಲೀಲ್ ಮಾಡಿನ ಕೆಳಗೆ ಸರಿಯಲು ಹೊರಟ.

"ಬೇಡ, ಬೇಡ," ಎಂದು ಅವಳು ಅವನ ಪಾದ ಹಿಡಿದುಕೊಂಡಳು. "ಇನ್ನು ಸ್ವಲ್ಪ ಹೊತ್ತು ಬಿಸಿಲಲ್ಲೇ ನಿಲ್ತೀರಾ?"