ಅಮ್ಮನ ರಟ್ಟೆ

ಮಗಳನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ, ಮತ್ತೆ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದ ಟೈಲರಮ್ಮ ಸೊಂಟಕ್ಕೆ ಕೈಯಿಟ್ಟು ತಮ್ಮನ ಕಡೆ ತಿರುಗಿದಳು. ಅವಳ ಉಸಿರು ಕೂಡ ಏರಿರಲಿಲ್ಲ.

"ನೋಡಿದ್ಯಾ? ಈಗ ಹೇಳು, ಯಾರನ್ನ ಎಲ್ಲಿಗೆ ಸೇರಿಸ್ತೀಯ?"

ತಮ್ಮ ಬಂದದ್ದೇ ಅದಕ್ಕೆ. ಕಾಲಲ್ಲಿ ಸ್ವಾಧೀನವಿಲ್ಲದ ಹುಡುಗಿ ಬಚ್ಚಲಲ್ಲಿ ಅಮ್ಮನ ಕೈಜಾರಿ ಬಿದ್ದು ಹಣೆ ಒಡೆದುಕೊಂಡಾಗ, "ಬೆಳೆದ ಹುಡುಗಿ ಅಕ್ಕಾ, ಇನ್ನು ನಿನ್ನ ಕೈಲಾಗಲ್ಲ. ಇಂಥವರನ್ನ ನೋಡಿಕೊಳ್ಳೋ ಕಡೆ ಬಿಟ್ಟುಬಿಡೋಣ" ಎಂದು ಪಟ್ಟು ಹಿಡಿದವನು ಅವನೇ. ಕೆಟ್ಟವನೇನಲ್ಲ, ಇಬ್ಬರ ಮೇಲೂ ಜೀವವಿದ್ದವನು. ಅವಳು ಗೋಗರೆದು ಆರು ತಿಂಗಳ ಗಡುವು ಕೇಳಿದ್ದಳು.

ಮರುದಿನವೇ ಬೀದಿಯ ಕೊನೆಯಲ್ಲಿದ್ದ ಜಿಮ್ಮಿನ ಮೆಟ್ಟಿಲು ಹತ್ತಿದಳು. "ಒಂದೇ ದಿನ ಮೈ ಹಣ್ಣು ಮಾಡ್ಕೊಂಡು ವಾರವೆಲ್ಲ ಮಲಗೋದು ಬೇಡಮ್ಮ" ಎಂದಿದ್ದರು ಕೋಚ್. "ಹದವಾಗಿ ಮಾಡಿ, ಆದ್ರೆ ತಪ್ಪಿಸದೆ ಬನ್ನಿ. ಕಾಲು, ಬೆನ್ನು, ಭುಜ, ರಟ್ಟೆ, ಬಂದಾಗಲೆಲ್ಲ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಕೆಲಸ ಕೊಡಿ." ಹೊಲಿಗೆ ಮಿಷನ್ ಬಿಟ್ಟು ಈ ವಯಸ್ಸಲ್ಲಿ ಪೈಲ್ವಾನಳಾಗ್ತಾಳಂತೆ ಎಂದು ನೆರೆಯವರು ಮುಸಿಮುಸಿ ನಕ್ಕರು. ನಕ್ಕವರು ಬಂದು ಮಗಳನ್ನು ಎತ್ತುತ್ತಾರೆಯೇ? ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ತಿಂಗಳು ಕಳೆದಂತೆ ಮಗಳು ಹಗುರಾಗುತ್ತ ಬಂದಳು. ಅಮ್ಮ ತನ್ನ ರಟ್ಟೆಯನ್ನು ತಾನೇ ಮುಟ್ಟಿ ನೋಡಿಕೊಂಡು ಹಿಗ್ಗಿದಳು.

"ಭಲೇ ಅಕ್ಕಾ, ಸೋತೆ" ಎಂದು ತಮ್ಮ ನಕ್ಕ. "ಎಲ್ಲಿ, ನಾನೂ ಒಂದ್ಸಲ ಎತ್ತಿ ನೋಡ್ತೀನಿ."

"ಬೇಡ ಮಾವ!" ಹುಡುಗಿ ಗಾಬರಿಯಾದಳು. "ನಿಂಗೆ ಸೊಂಟ ನೋವು."

ಅದು ನಿಜವೇ. ವರ್ಷಗಟ್ಟಲೆ ಲಾರಿ ಓಡಿಸಿದ ಸೊಂಟ, ಒಂದು ಕೊಡ ನೀರೆತ್ತಿದರೂ ಹಿಡಿದುಕೊಳ್ಳುತ್ತಿತ್ತು. ಆದರೂ ಹಲ್ಲು ಕಚ್ಚಿಕೊಂಡು ಬಗ್ಗಿ ಎತ್ತಿದ. ಸೊಂಟ ಚುಳುಕ್ಕೆನ್ನಲಿಲ್ಲ. ಅವನ ನಗು ಆರಿಹೋಯಿತು.

"ಅಕ್ಕಾ, ಈ ಮಗು ಮೈಯಲ್ಲಿ ಏನೂ ಇಲ್ಲವಲ್ಲ! ಬರೀ ಮೂಳೆ. ನೀನು ನೋಡೇ ಇಲ್ವಾ?"

ನೋಡಿದ್ದಳು. ಮಗಳ ನೈಟಿಗಳು ದೊಗಳೆಯಾದವೆಂದು ತಾನೇ ಎರಡೆರಡು ಸಲ ಹಿಡಿದು ಹೊಲಿದಿದ್ದಳು. ಬೆಳೆಯುವ ವಯಸ್ಸು, ಉದ್ದವಾಗುತ್ತಿದ್ದಾಳೆ ಎಂದುಕೊಂಡಿದ್ದಳು. ಅಂಗಡಿಗೆ ಬಂದವರ ಅಳತೆಯನ್ನು ಟೇಪು ಹಿಡಿಯುವ ಮೊದಲೇ ಹೇಳುವವಳಿಗೆ ಹೆತ್ತ ಮಗಳು ಕರಗುತ್ತಿರುವುದು ಕಾಣಲಿಲ್ಲ.

"ಮಧ್ಯಾಹ್ನ ಜಾಸ್ತಿ ಉಂಡೆ ಅಂತ ತಾನೆ ರಾತ್ರಿ ಎರಡು ತುತ್ತಿಗೇ ಸಾಕು ಅಂತಿದ್ದೆ?" ಅಮ್ಮ ಮಗಳ ಕಡೆ ತಿರುಗಿದಳು. "ಅಂಗಡಿಗೆ ಹೋಗುವಾಗ ನಾನಿಟ್ಟ ಊಟದ ಡಬ್ಬಿ ದಿನಾ ಖಾಲಿ ಇರ್ತಿತ್ತಲ್ಲೇ?"

"ಕಿಟಕಿ ಕೆಳಗೆ ಒಂದು ನಾಯಿ ಬರತ್ತಮ್ಮ."

ಅಮ್ಮ ಕಿಟಕಿಗೆ ಹೋಗಿ ಕೆಳಗೆ ಬಗ್ಗಿ ನೋಡಿದಳು. ಹುಡುಗಿಯನ್ನು ಎಲ್ಲಿ ಇಳಿಸಬೇಕೆಂದು ತೋಚದೆ ಮಾವ ನಿಂತೇ ಇದ್ದ. ಅವನ ತೋಳಿನಿಂದ ಕತ್ತು ಚಾಚಿ ಅವಳು ಮೆಲ್ಲಗೆ ಕೇಳಿದಳು:

"ಈಗ ನಿಂಗೆ ಶಕ್ತಿ ಬಂದಿದೆ ಅಲ್ವಾಮ್ಮಾ? ಇನ್ಮೇಲೆ ನಾನು ಹೊಟ್ಟೆ ತುಂಬ ಉಂಡ್ರೂ ಎತ್ತೋಕಾಗತ್ತಾ?"