ಚಂದಯ್ಯನ ಹಾಯಿ

ಗುಲ್ವಾಡಿಯ ಸುಂದರಿ ಹುಲ್ಲಿನ ಕುತ್ರಿಯ ಮೇಲೆ ಹೊದಿಸಿದ್ದ, ತೀರಿಹೋದ ಗಂಡ ಚಂದಯ್ಯನ ಹಳೇ ಹಾಯಿಯನ್ನು ಎಳೆದಾಗ ಎದ್ದ ಧೂಳಿಗೆ ಬಸ್ರೂರಿನವರೆಗೂ ಜನ ಸೀನಿದರು. ಶೇಖರ ಶೆಟ್ಟರು ಮಾತ್ರ ಮೂಗು ಹಿಡಿದು ನಿಂತರು. ಕೊಳ್ಳಲು ಬಂದವನೇ ಸೀನಿದರೆ ವ್ಯಾಪಾರ ಕುದುರೀತೇ? ಹಾಯಿಗೆ ತೇಪೆಯ ಮೇಲೆ ತೇಪೆ. ಒಂದು ಮೂಲೆಯಲ್ಲಿ ಇಲಿಯೊಂದು ಸಂಸಾರ ಹೂಡಿ, ಮರಿಮಕ್ಕಳ ಮದುವೆಯನ್ನೂ ಮುಗಿಸಿ ಹೋದ ಗುರುತು.

"ಶೆಟ್ರೆ, ನಿಮ್ಗೆ ಹಾಯಿ ಕಟ್ಟುಕ್ ಬತ್ತಾ?"

"ಎಂತ ಕೇಂತ್ರಿ ಸುಂದರಕ್ಕ? ಮುಂಬೈ ಸಮುದ್ರದಗೆ ಹಡ್ಗ್ ಬಿಟ್ಟವ ನಾನ್."

ಮುಂಬೈಯಲ್ಲಿ ಶೆಟ್ಟರು ನಡೆಸಿದ್ದು ಹೋಟೆಲು. ಬಿಟ್ಟದ್ದು ಸಾಂಬಾರಿನ ಕೊಪ್ಪರಿಗೆಯಲ್ಲಿ ಸೌಟು. ಊರಿಗೆ ಬಂದು ಆಸೆಪಟ್ಟು ಕಟ್ಟಿಸಿದ ಪುಟ್ಟ ದೋಣಿ ಆನಗಳ್ಳಿಯ ಅಂಗಳದಲ್ಲೇ ಕೂತು, ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಅವತ್ತು ಬೆಳಿಗ್ಗೆ ಹೆಂಡತಿ ಸುಗುಣ ಕೊಡಲಿ ಮಸೆದಿದ್ದಳು. ಸಂಜೆಯೊಳಗೆ ದೋಣಿ ಹೊಳೆಯಲ್ಲಿ ಓಡಬೇಕು, ಇಲ್ಲವಾದರೆ ಬಚ್ಚಲ ಒಲೆಗೆ.

ಸುಂದರಿ ಹಾಯಿಯನ್ನು ಮಡಚಿದಳು, ಮತ್ತೆ ಬಿಡಿಸಿದಳು. "ಇವ್ರ್ ಸಂತೆ ಮುಗ್ಸಿ ಇದ್ರಗೇ ಬಪ್ಪುದ್. ಇವ್ರ್ ಹೋದ್ಮೇಲೆ ನಮ್ ದೋಣಿ ಕಡುವಿಗೆ ಹಾಯಿ ಬರ್ಲಿಲ್ಲ. ನೀವ್ ಕೊಟ್ಟಷ್ಟ್ ಕೊಡಿ. ಆರೆ ಒಂದ್ಸಲಿ ಇದನ್ನ ಏರ್ಸ್ಕಂಡ್ ಈ ಬದಿಗ್ ಬರ್ಕ್. ನಂಗೆ ಕಾಣ್ಕ್."

"ಒಂದ್ಸಲಿಯಾ? ಇವತ್ತೇ ಬತ್ತೆ. ಚಾ ಮಾಡಿ ಇಡಿ."

ಮಧ್ಯಾಹ್ನ ಆನಗಳ್ಳಿಯಲ್ಲಿ ಹಾಯಿ ಏರಿತು. ಪಡುಗಾಳಿ ಬಂದು ಅದನ್ನು ಬಾಚಿ ತಬ್ಬಿತು. ದೋಣಿ ಹೊರಟ ರಭಸಕ್ಕೆ ಶೆಟ್ಟರ ಮೀಸೆ ಎರಡು ಫರ್ಲಾಂಗು ಹಿಂದೆ ಉಳಿಯಿತು, ಮೀನುಗಳು ದಂಡೆ ಹತ್ತಿ ದಾರಿ ಬಿಟ್ಟವು. ಚುಕ್ಕಾಣಿ ಎಡಕ್ಕೆ ತಿರುಗಿಸಿದರೂ ನೇರ, ಬಲಕ್ಕೆ ತಿರುಗಿಸಿದರೂ ನೇರ. ನಿಲ್ಲಿಸುವ ವಿದ್ಯೆ ಮಾತ್ರ ಶೆಟ್ಟರಿಗೆ ಗೊತ್ತಿರಲಿಲ್ಲ.

"ಹ್ವಾಯ್, ಎಲ್ಲಿಗ್ ಹೋಪುದ್?" ದಂಡೆಯಿಂದ ಸುಗುಣ ಕೂಗಿದಳು.

"ಹೋಯ್ಕಾದಲ್ಲಿಗೆ" ಎಂದರು ಶೆಟ್ಟರು, ಹಾಯಿಕಂಬವನ್ನು ತಬ್ಬಿಕೊಂಡು. ಸುಗುಣ ಕೊಡಲಿ ಸಮೇತ ರಿಕ್ಷಾ ಹತ್ತಿದಳು.

ದೋಣಿ ಸೀದಾ ಹೋಗಿ ಸುಂದರಿಯ ಕಡುವಿನ ಕೆಸರಿಗೆ ಮೂಗು ತೂರಿಸಿ ನಿಂತಿತು. ಅವಳು ಅಲ್ಲೇ ಇದ್ದಳು, ಕೈಯಲ್ಲಿ ಚಹಾದ ಲೋಟ. "ಮಾತ್ ಉಳ್ಸ್ಕಂಡ್ರಿ ಶೆಟ್ರೆ" ಎಂದು ನೀರಿಗಿಳಿದು ಹಾಯಿಯ ಮೇಲೆ ಕೈಯಿಟ್ಟಳು.

ಇಡೀ ರಾತ್ರಿಯ ಯಕ್ಷಗಾನದ ಆಟಕ್ಕೆ ಸಾಕಾಗುವಷ್ಟು ಬಡಾಯಿ ಶೆಟ್ಟರ ನಾಲಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಅಷ್ಟನ್ನೂ ನುಂಗಿದರು. ಹುಟ್ಟಿದಂದಿನಿಂದ ಆಡದ ನಿಜವೊಂದು ಹೊರಬಿತ್ತು.

"ನಾನ್ ತಂದದ್ದಲ್ಲ ಸುಂದರಕ್ಕ. ಇದೇ ನನ್ನ ಎಳ್ಕಂಡ್ ಬಂತ್. ನಂಗೆ ನಿಲ್ಸುಕೂ ಗೊತ್ತಿಲ್ಲ."

"ಗೊತ್ತಿತ್. ಈ ಹೊತ್ತಿನ ಗಾಳಿಗೆ ಇವ್ರೂ ಹೀಂಗೇ ಬಪ್ಪುದ್." ಸುಂದರಿ ಕಣ್ಣೊರೆಸಿಕೊಂಡು ನಕ್ಕಳು. "ನಿಮ್ಗೆ ನಿಲ್ಸುಕ್ ಬಾರ್ದಿದ್ದದ್ದ್ ನನ್ನ ಪುಣ್ಯ."

ರಿಕ್ಷಾ ಇಳಿದ ಸುಗುಣ ದೋಣಿಯಿಂದಿಳಿದು ಮೊಣಕಾಲಿನವರೆಗೆ ಕೆಸರಾದ ಗಂಡನನ್ನು ನೋಡಿದಳು, ಹಾಯಿಯನ್ನು ಇನ್ನೂ ಬಿಡದ ಸುಂದರಿಯ ಕೈಯನ್ನು ನೋಡಿದಳು.

"ಇಲ್ಲ್ ದೋಣಿ ಕಟ್ಟುಕೆ ಗೂಟ ಇಲ್ಯಾ?"

"ಇದ್ದಿತ್. ನೀರಗೆ ನೆನ್ದ್ ಕುಂಬಾಯ್ ಹೋಯ್ತ್."

ಸುಗುಣ ಬೇಲಿಯಿಂದ ಒಂದು ಗಟ್ಟಿ ಗೂಟ ಕಿತ್ತು ದಂಡೆಗೆ ಊರಿದಳು. ಬೆಳಿಗ್ಗೆ ಮಸೆದ ಕೊಡಲಿಯನ್ನು ಹಿಂದುಮುಂದಾಗಿ ಹಿಡಿದು ಅದರ ತಲೆಗೆ ಬಡಿಯತೊಡಗಿದಳು. ಸದ್ದು ಗಂಗೊಳ್ಳಿಯ ಅಳಿವೆಯವರೆಗೂ ಕೇಳಿಸಿತು.