ಮನದ ಮಾತಿನ ಪೆಟ್ಟಿಗೆ

ಸಿಬ್ಬಂದಿಯ ಮನಸ್ಸಿನ ಕಷ್ಟ ಕೇಳಲೆಂದು ಕಚೇರಿಯ ಗೋಡೆಗೆ ತೂಗುಹಾಕಿದ್ದ ‘ಮನದ ಮಾತು’ ಪೆಟ್ಟಿಗೆಯನ್ನು, ಉದ್ಘಾಟನೆಯ ದಿನ ಟೇಪು ಕತ್ತರಿಸಿ ಫೋಟೊ ತೆಗೆಸಿಕೊಂಡ ಮೇಲೆ ಸಾಹೇಬರು ತಿರುಗಿಯೂ ನೋಡಿರಲಿಲ್ಲ. ನಾಳೆ ಮೇಲಿನವರು ತಪಾಸಣೆಗೆ ಬರುತ್ತಾರೆಂದು ತಿಳಿದಾಗ ಬೀಗದ ಕೈ ಹುಡುಕಿಸಿ ತೆರೆಸಿದರು. ಒಳಗಿದ್ದದ್ದು ನಾಲ್ಕು ಚಾಕೊಲೇಟು ಕಾಗದ ಮತ್ತು ಹೆಸರಿಲ್ಲದ ಒಂದು ಚೀಟಿ.

‘ನನ್ನಿಂದ ಇನ್ನು ಆಗುತ್ತಿಲ್ಲ. ದಯವಿಟ್ಟು ಯಾರಾದರೂ ಒಮ್ಮೆ ನನ್ನ ಜೊತೆ ಮಾತಾಡಿ.’

ಸಾಹೇಬರ ಪಿತ್ತ ನೆತ್ತಿಗೇರಿತು. ಕೈತುಂಬ ಸಂಬಳ, ತಲೆಯ ಮೇಲೆ ಫ್ಯಾನು. ತಿಂದ ಅನ್ನ ಅರಗದವರಿಗೇ ಇಂಥ ಕಾಯಿಲೆ ಎಂದುಕೊಂಡರು.

“ಯಾವನ್ರೀ ಇವನು? ನಾಳೆ ತಪಾಸಣೆ ಇಟ್ಕೊಂಡು ನನ್ನ ಮಾನ ಕಳೀತಾನಲ್ಲ! ಎಲ್ಲರ ರಜೆ ಅರ್ಜಿ ತನ್ನಿ, ಅಕ್ಷರ ತಾಳೆ ನೋಡೇಬಿಡ್ತೀನಿ.”

ಮಧ್ಯಾಹ್ನದ ತನಕ ಇಪ್ಪತ್ತಾರು ಜನರ ಅರ್ಜಿ ಮಗುಚಿಹಾಕಿದರೂ ಅಕ್ಷರ ಹೊಂದಲಿಲ್ಲ. ಕೊನೆಗೆ ಹೆಡ್‌ಕ್ಲರ್ಕ್ ಮೇಡಂ ಚೀಟಿ ಈಸಿಕೊಂಡು ನೋಡಿ, ಹರಡಿದ್ದ ಅರ್ಜಿಗಳನ್ನೆಲ್ಲ ಒಟ್ಟುಮಾಡಿ ಪಕ್ಕಕ್ಕಿಟ್ಟರು.

“ಗೊತ್ತಿದ್ರೆ ಹೇಳ್ರೀ, ಇವತ್ತೇ ಮೆಮೊ ಕೊಡ್ತೀನಿ.”

“ಟಪಾಲು ವಿಭಾಗದ ಚನ್ನವೀರಯ್ಯನವರದು ಸಾರ್. ಯುಗಾದಿಗೆ ಮುಂಚೆ ತಾವಾಗೇ ಜೀವ ಕಳ್ಕೊಂಡ್ರಲ್ಲ, ಅವರದು. ನೀವೇ ಎರಡು ನಿಮಿಷ ಮೌನ ಮಾಡಿಸಿದ್ರಿ.”

ಸಾಹೇಬರು ಬಿಟ್ಟ ನಿಟ್ಟುಸಿರು ಕಚೇರಿಗೆಲ್ಲ ಕೇಳಿಸಿತು.

“ಸದ್ಯ! ಈಗಿರೋರ ಪೈಕಿ ಯಾರದೂ ಅಲ್ವಲ್ಲ” ಎಂದು ಪೆನ್ನಿನ ಮುಚ್ಚಳ ತೆಗೆದು, ತಪಾಸಣೆಗೆ ಕೊಡಬೇಕಾದ ವರದಿಯ ‘ಕೈಗೊಂಡ ಕ್ರಮ’ ಎಂಬ ಅಂಕಣದಲ್ಲಿ ದುಂಡಗೆ ಬರೆದರು: ‘ಬಂದ ಅಹವಾಲು ಒಂದು. ಇತ್ಯರ್ಥವಾದದ್ದು ಒಂದು. ಬಾಕಿ ಇಲ್ಲ.’